ಹಳೇ ಬೂಟಿನ ಹೊಸಾ ಅವತಾರ ನನ್ನ ಕಾಲಿಗೆ ಬರತದೇನು?

ಮಗಳ ಬಾಣಂತನಕ್ಕಂತ ಬಾಸ್ಟನ್ನಿಗೆ ಹೋಗಿ ಐದು ತಿಂಗಳು ಇದ್ದು ಬಂದೆ, ನಿಮಗೆಲ್ಲಾ ಗೊತ್ತೇ ಅದ. ಅಲ್ಲಿಂದ ಏನೇನು ತಂದ್ರಿ ಅಂತ ಎಲ್ಲಾರೂ ಕೇಳಿದ್ರಿ. ಬಾದಾಮಿ, ಚಾಕಲೇಟು ಹಂಚಿದ್ದಾತು. ಆದ್ರ ಅಲ್ಲೇ ಬಿಟ್ಟು ಬಂದ ಒಂದು ಸಾಮಾನಿನ ಕಥಿ ಯಾರ ಮುಂದೂ ಹೇಳಿಲ್ಲ. ಅದು ಒಂದು ಜೋಡಿ ಬೂಟು.

ಅಲ್ಲಿ ದಿನಾ ಸಂಜೀಗೆ ಕೂಸಿನ ಗಾಡಿ ತಳ್ಳಿಕೋತ ಅಡ್ಡಾಡಲಿಕ್ಕೆ ಹೋಗತಿದ್ದೆ. ನಾನು ಹೋಗೋವಾಗ ಕಾಲಾಗ ಇಲ್ಲಿದೇ ಚಪ್ಪಲಿ, ಮ್ಯಾಲ ಕಾಲುಚೀಲ. ಹೆಬ್ಬೆರಳಿನ ಸಂದಿಗೆ ಕಾಲುಚೀಲ ತುರುಕಿ ಉಂಗುಷ್ಟದ ಚಪ್ಪಲಿ ಹಾಕೋ ನನ್ನ ಪದ್ಧತಿ ನೋಡಿ ಮಗಳಿಗೆ ನಾಚಿಕಿ. "ಅವ್ವಾ, ನಿನಗೊಂದು ಬೂಟು ಕೊಡಸ್ತೇನಿ. ಇದೇ ಊರಿನ ಕಂಪನಿದು, ನೂರು ವರ್ಷದ ಹಿಂದಿಂದು, ಈಗ ಮತ್ತ ಹೊಸದಾಗಿ ಮಾಡ್ಯಾರ" ಅಂದ್ಲು. ತನ್ನ ಫೋನಿನಾಗ ತೋರಿಸಿದ್ಲು. ನೋಡತೇನಿ, ನಮ್ಮ ಸಾಲಿ ಪಿ.ಟಿ. ಬೂಟಿನ ಅಣ್ಣನಂಗ ಅದ! ಅದೇ ಕ್ಯಾನ್ವಾಸು, ಅದೇ ರಬ್ಬರಿನ ತಳ, ಮುಂದ ಬೆರಳಿಗೆ ಅದೇ ರಬ್ಬರಿನ ಟೊಪ್ಪಿಗಿ. ಆದ್ರ ಇದು ಕಾಲಿನ ಹರಡಿ ತನಕಾ ಎತ್ತರ ಅದ, ಒಳಮಗ್ಗಲಿಗೆ ದುಂಡನ್ನ ಚಿತ್ರದಾಗ ಒಂದು ನಕ್ಷತ್ರ. ಕಾನ್ವರ್ಸ್ ಕಂಪನಿಯ ಚಕ್ ಟೇಲರ್ ಆಲ್ ಸ್ಟಾರ್. ಅದರ ಹೊಸಾ ಅವತಾರಕ್ಕ ಚಕ್ 70 ಅಂತ ಹೆಸರು.

ನನಗ ಆಸೆ ಆಗಲಿಲ್ಲ ಅಂದ್ರ ಸುಳ್ಳು ಹೇಳಿಧಂಗ. ಸಾಲ್ಯಾಗ ಇದ್ದಾಗ ಶನಿವಾರ ಬಿಳೇ ಬೂಟು ಹಾಕ್ಕೊಂಡು ಹೋಗಬೇಕಿತ್ತು. ಶುಕ್ರವಾರ ರಾತ್ರಿ ಖಡು ನೀರಾಗ ತೊಯ್ಸಿ ಬೂಟಿಗೆ ಹಚ್ಚಿ, ಒಲಿ ಹತ್ರ ಒಣಗಲಿಕ್ಕೆ ಇಡತಿದ್ವಿ. ನಾವು ಮೂವರು ಅಕ್ಕತಂಗೇರಿಗೆ ಎರಡೇ ಜೋಡಿ. ಯಾರು ಮದಲ ಏಳತಾರೋ ಅವರಿಗೆ ಬೂಟು, ಕಡೀಕೆ ಎದ್ದಾಕಿಗೆ ಮಾಸ್ತರ ಕಡೆ ಬೈಗಳ. ನಾನು ಯಾವಾಗಲೂ ಕಡೀಕೇ ಏಳಾಕಿ.

ಆದ್ರ ಈಗ ನನ್ನ ಕಾಲು ಆವಾಗಿನ ಕಾಲಲ್ಲ. ಸಕ್ಕರಿ ಬಂದು ಒಂಬತ್ತು ವರ್ಷ ಆತು. ಹೋದ ವರ್ಷ ಡಾಕ್ಟರು ನೈಲಾನ್ ದಾರದಂಥದ್ದೊಂದು ಹಿಡಕೊಂಡು, ನನಗ ಕಣ್ಣು ಮುಚ್ಚಲಿಕ್ಕೆ ಹೇಳಿ ಪಾದಕ್ಕ ಅಲ್ಲಲ್ಲೆ ಚುಚ್ಚಿ ನೋಡಿದ್ರು. ಎಡಗಾಲಿನ ಬೆರಳಿನ ಬುಡದಾಗ ಎರಡು ಕಡೆ ಅವರು ಚುಚ್ಚಿದ್ದು ನನಗ ಗೊತ್ತೇ ಆಗಲಿಲ್ಲ. "ಇನ್ನ ಮ್ಯಾಲೆ ಬರಿಗಾಲಿಲೆ ಅಡ್ಡಾಡಬ್ಯಾಡ್ರಿ, ಬೂಟು ಚಪ್ಪಲಿ ನೋಡಿ ತಗೋರಿ" ಅಂದ್ರು. ನಮ್ಮ ಕಾಕೂನ ಕಥಿ ನಿಮಗೆಲ್ಲಾ ನೆನಪದ. ಮದುವಿ ಗದ್ದಲದಾಗ ಹೊಸಾ ಚಪ್ಪಲಿ ಹಾಕ್ಕೊಂಡು ಇಡೀ ದಿನಾ ಓಡ್ಯಾಡಿದ್ಲು. ಒಳಗೊಂದು ಹಳ್ಳು ಸೇರಿದ್ದು ತಿಳೀಲಿಲ್ಲ. ರಾತ್ರಿ ನೋಡಿದ್ರ ಕಾಲುಚೀಲ ಕೆಂಪಾಗಿತ್ತು. ಮೂರು ತಿಂಗಳು ಗಾಯ ಮಾಯಲಿಲ್ಲ, ಕಡೀಕೆ ಎರಡು ಬೆರಳು ಹೋದವು. ಅದಕ್ಕ ನನಗ ಬೂಟು ಅಂದ್ರ ಬರೇ ಷೋಕಿ ಮಾತಲ್ಲ.

ಹಿಂಗಾಗಿ ಅಂಗಡಿಗೆ ಹೋಗೋ ಮದಲ ಈ ಬೂಟಿನ ಪೂರ್ವೋತ್ತರ ತಿಳಕೋಬೇಕು ಅನ್ನಿಸ್ತು. ಹೆಣ್ಣು ನೋಡಲಿಕ್ಕೆ ಹೋಗೋ ಮದಲ ಮನಿತನ ವಿಚಾರ ಮಾಡಂಗಿಲ್ಲೇನು? ಕೂಸು ಮಲಗಿದಾಗ ಕೂತು ಓದಿದೆ, ತಿಳೀದೇ ಇದ್ದದ್ದು ಅಳಿಯಂದ್ರ ಕಡೆ ಓದಿಸಿಕೊಂಡೆ.

ರಬ್ಬರಿನಿಂದ ಶುರು ಮಾಡಬೇಕು. ಗಿಡದ ಹಾಲಿನಿಂದ ಬರೋ ಹಸಿ ರಬ್ಬರು ಬ್ಯಾಸಗ್ಯಾಗ ಕರಗಿ ಅಂಟಂಟು ಆಗತಿತ್ತು, ಥಂಡ್ಯಾಗ ಕಲ್ಲಿನಂಗ ಒಡೀತಿತ್ತು. ಚಾರ್ಲ್ಸ್ ಗುಡ್‌ಇಯರ್ ಅನ್ನೋ ಅಮೇರಿಕಾದವನು 1839ರಾಗ ಅದಕ್ಕ ಗಂಧಕ ಕೂಡಿಸಿ ಕಾಸಿದ್ರ ಅದು ಎರಡಕ್ಕೂ ತಡೀತದ ಅಂತ ಕಂಡುಹಿಡಿದ. 1844ರಾಗ ಪೇಟೆಂಟ್ ಸಿಕ್ತು. ಪಾಪ, ಅವನಿಗೆ ಅದರಿಂದ ರೊಕ್ಕ ಸಿಗಲಿಲ್ಲ, ಸಾಲದಾಗೇ ಸತ್ತ. ಆಮ್ಯಾಲೆ ಇಂಗ್ಲಂಡಿನಾಗ ಕ್ಯಾನ್ವಾಸಿಗೆ ರಬ್ಬರಿನ ತಳ ಹಚ್ಚಿದ ಬೂಟು ಬಂದವು. ಅದಕ್ಕ ಪ್ಲಿಮ್ಸಾಲ್ ಅಂತ ಹೆಸರು. ಹಡಗಿನ ಹೊಟ್ಟಿ ಮ್ಯಾಲ ಎಷ್ಟು ಭಾರ ಹೇರಬಹುದು ಅಂತ ತೋರಸಲಿಕ್ಕೆ ಒಂದು ಗೆರಿ ಹೊಡೀತಾರಲ್ಲ, ಅದು ಪ್ಲಿಮ್ಸಾಲ್ ಗೆರಿ. ಕ್ಯಾನ್ವಾಸಿಗೂ ತಳಕ್ಕೂ ನಡುವ ಸುತ್ತಲೂ ಇರೋ ರಬ್ಬರಿನ ಪಟ್ಟಿ ಆ ಗೆರಿಯಂಗ ಕಾಣತದ ಅಂತ ಆ ಹೆಸರು ಬಂತು. ಅಮೇರಿಕಾದಾಗ ಸ್ನೀಕರ್ ಅಂದ್ರು. ಸಪ್ಪಳ ಆಗದಂಗ ಬೆಕ್ಕಿನಂಗ ಬರಬಹುದಲ್ಲ, ಅದಕ್ಕ. ಚರ್ಮದ ಬೂಟು ಟಕ್ ಟಕ್ ಅಂತಿದ್ದ ಕಾಲದಾಗ ಇದೊಂದು ಸೋಜಿಗ.

ಕಾನ್ವರ್ಸ್ ಕಂಪನಿ ಶುರು ಆಗಿದ್ದು 1908ರಾಗ, ಬಾಸ್ಟನ್ನಿಗೆ ಹತ್ತಿದ ಮಾಲ್ಡನ್ ಅನ್ನೋ ಊರಾಗ. ಮಗಳ ಮನಿಯಿಂದ ಆರೆಂಜ್ ಲೈನ್ ಅನ್ನೋ ರೈಲು ಹತ್ತಿದ್ರ ಮಾಲ್ಡನ್ ಬರತದ. ಮಾರ್ಕ್ವಿಸ್ ಮಿಲ್ಸ್ ಕಾನ್ವರ್ಸ್ ಅನ್ನಾಂವ ಮದಲ ಮಾಡಿದ್ದು ಮಳಿ, ಹಿಮದಾಗ ಹಾಕ್ಕೊಳ್ಳೋ ರಬ್ಬರಿನ ಬೂಟು. ಆದ್ರ ಅದು ಹಂಗಾಮಿನ ವ್ಯಾಪಾರ. ಛಳಿಗಾಲ ಮುಗೀತು ಅಂದ್ರ ಯಾರು ತಗೋತಾರ? ನಮ್ಮ ಓಣ್ಯಾಗ ಬ್ಯಾಸಗ್ಯಾಗ ಸಂಡಿಗಿ ಹಪ್ಪಳ ಮಾಡೋ ಹೆಣ್ಮಕ್ಕಳು ಮಳಿಗಾಲದಾಗ ಚಟ್ನಿಪುಡಿ ಕುಟ್ಟತಾರಲ್ಲ, ಹಂಗ ಆಂವ ವರ್ಷಪೂರ್ತಿ ಕಾರಖಾನಿ ನಡೀಲಿ ಅಂತ ಆಟದ ಬೂಟು ಮಾಡಲಿಕ್ಕೆ ಹಿಡದ. 1917ರಾಗ ಆಲ್ ಸ್ಟಾರ್ ಹೊರಗ ಬಂತು.

ಯಾವ ಆಟಕ್ಕ? ಬಾಸ್ಕೆಟ್‌ಬಾಲ್. ಆ ಆಟಾನೂ ಅದೇ ರಾಜ್ಯದ್ದು. 1891ರ ಡಿಸೆಂಬರಿನಾಗ, ಸ್ಪ್ರಿಂಗ್‌ಫೀಲ್ಡ್ ಊರಾಗ ಜೇಮ್ಸ್ ನೈಸ್ಮಿತ್ ಅನ್ನೋ ಮಾಸ್ತರು, ಛಳ್ಯಾಗ ಒಳಗ ಕೂತು ಹುಡುಗುರು ಪುಂಡಾಟ ಮಾಡತಾರ ಅಂತ ಪೀಚ್ ಹಣ್ಣಿನ ಬುಟ್ಟಿ ಎತ್ತರಕ್ಕ ಕಟ್ಟಿ ಚೆಂಡು ಒಗೀಲಿಕ್ಕೆ ಹಚ್ಚಿದ್ರಂತ. ಒಂದು ಮಾತು ಇಲ್ಲೇ ಹೇಳಿಬಿಡತೇನಿ, ನಮ್ಮ ಹೆಣ್ಮಕ್ಕಳಿಗೆ ಖುಷಿ ಆಗತದ. ಆಟ ಹುಟ್ಟಿ ಎರಡು ವರ್ಷ ಆಗೋದ್ರಾಗ, 1893ರಾಗ, ಅದೇ ರಾಜ್ಯದ ಸ್ಮಿತ್ ಕಾಲೇಜಿನಾಗ ಸೆಂಡಾ ಬೆರೆನ್ಸನ್ ಅನ್ನೋ ಬಾಯಾರು ಹುಡುಗೇರ ಕಡೆ ಈ ಆಟ ಆಡಿಸಿದ್ರು. ನೋಡಲಿಕ್ಕೆ ಗಂಡಸರನ್ನ ಒಳಗ ಬಿಟ್ಟಿರಲಿಲ್ಲ! ಆದ್ರ ಬೂಟು ಮಾಡೋವಾಗ ಮಾತ್ರ ಗಂಡುಹುಡುಗರ ಪಾದಾನೇ ಅಳತಿ. ಇವತ್ತಿಗೂ ಆಲ್ ಸ್ಟಾರಿನ ಮ್ಯಾಲ ಎರಡು ನಂಬರ್ ಇರತಾವ. ಗಂಡಸರ 7 ಅಂದ್ರ ಹೆಂಗಸರ 9. ಬೂಟು ಒಂದೇ, ಲೇಬಲ್ಲಷ್ಟ ಎರಡು. ಇದನ್ನ ನೆನಪಿಟ್ಟುಕೋರಿ, ಮುಂದ ಕೆಲಸಕ್ಕ ಬರತದ.

ಇನ್ನ ಚಕ್ ಟೇಲರ್. ಆಂವ ಚಾರ್ಲ್ಸ್ ಟೇಲರ್ ಅಂತ, ಇಂಡಿಯಾನಾ ರಾಜ್ಯದ ಆಟಗಾರ. 1920ರ ದಶಕದ ಶುರುವಿನಾಗ ಕಂಪನಿ ಸೇರಿದ. ಆಡಿ ಆಡಿ ಕಾಲು ನೋಯತಾವ, ಛೊಲೋ ಬೂಟು ಕೊಡ್ರಿ ಅಂತ ಕಂಪನಿಗೇ ಹೋಗಿ ಕೇಳಿದ, ಅವರು ಕೆಲಸಾನೇ ಕೊಟ್ರು ಅಂತ ಒಂದು ಕಥಿ ಅದ. ಕಥಿ ಖರೆ ಇರಲಿ ಸುಳ್ಳಿರಲಿ, ನನಗ ಅದರಾಗ ಕಾಲುನೋವು ಬಂದದ್ದೇ ಹತ್ತರ ಆತು. ಆಂವ ಕಾರಿನಾಗ ಊರೂರು ತಿರುಗಿ ಸಾಲಿ ಹುಡುಗರಿಗೆ ಆಟ ಕಲಿಸ್ಯಾನ, ಕಲಿಸಿದ ಮ್ಯಾಲ ಊರಿನ ಅಂಗಡ್ಯಾಗ ಬೂಟು ಮಾರಿಸ್ಯಾನ. 1930ರ ದಶಕದಾಗ ಅವನ ಸಹಿ ನಕ್ಷತ್ರದ ಚಿತ್ರದಾಗ ಸೇರಿತು. 1936ರಾಗ ಬರ್ಲಿನ್ ಒಲಿಂಪಿಕ್ಸಿನಾಗ ಮದಲನೇ ಸಲ ಬಾಸ್ಕೆಟ್‌ಬಾಲ್ ಆಡಿಸಿದಾಗ ಅಮೇರಿಕಾದ ಹುಡುಗರ ಕಾಲಾಗ ಬಿಳೇ ಆಲ್ ಸ್ಟಾರ್. ಫೈನಲ್ ಆಟ ಬಯಲಾಗ, ಮಣ್ಣಿನ ಅಂಕಣದಾಗ, ಮಳ್ಯಾಗ ಆತಂತ. ಚೆಂಡು ಪುಟಿಯೋದೇ ಇಲ್ಲ, 19–8ಕ್ಕ ಕೆನಡಾನ್ನ ಸೋಲಿಸಿದ್ರು. ಆ ಬಿಳೇ ಬೂಟು ತೊಳದಾಕಿ ಯಾವ ತಾಯಿಯೋ ಏನೋ.

ಅದೇ 1936ರಾಗೇ ನಮ್ಮ ದೇಶದಾಗ ಬಾಟಾ ಟೆನಿಸ್ ಬಂತು. ಸಾಲಿ ಮಕ್ಕಳ ಕಸರತ್ತಿಗೆ ಅಂತಲೇ ಮಾಡಿದ್ದದು. ಕೋಲ್ಕತ್ತಾ ಹತ್ತರದ ಬಾಟಾನಗರ ಆಗಿನ್ನೂ ಹೊಸಾ ಊರು. ನಾವು ಖಡು ಹಚ್ಚಿದ ಬೂಟಿನ ಮೂಲ ಅದು. ಈಗೀಗ ಅದನ್ನೂ ಹೊಸದಾಗಿ ಮಾಡಿ ಷೋಕಿ ಬೂಟಂತ ಮಾರಲಿಕ್ಕೆ ಹತ್ಯಾರ ಅಂದ್ರ ನಮ್ಮ ಅಕ್ಕಗ ನಗು ತಡೀಲಿಲ್ಲ.

ಈಗ ಮುಖ್ಯ ಮಾತಿಗೆ ಬರತೇನಿ. ಈ ಬೂಟಿನ ತಳ ಹೆಂಗ ಹತ್ತತದ ಗೊತ್ತೇನು? ಕ್ಯಾನ್ವಾಸು ಅಚ್ಚಿಗೆ ಏರಿಸಿ, ಹಸಿ ರಬ್ಬರಿನ ತಳ, ಸುತ್ತಲಿನ ಪಟ್ಟಿ ಎಲ್ಲಾ ಅಂಟಿಸಿ, ಪೂರ್ತಿ ಬೂಟನ್ನ ದೊಡ್ಡ ಭಟ್ಟ್ಯಾಗಿಟ್ಟು ಬೇಯಿಸತಾರ. ಕುಕ್ಕರಿನಾಗ ಇಟ್ಟಂಗೇ. ಗುಡ್‌ಇಯರ್ ಕಂಡುಹಿಡಿದ ವಿದ್ಯಾ ಅದೇ. ಇದರಿಂದ ಬೂಟು ಗಟ್ಟಿ ಆಗತದ, ನೆಲಾ ಹಿಡೀತದ, ಬೆರಳಿನ ಹತ್ತರ ಛಂದ ಬಾಗತದ. ಆದ್ರ ತಳ ಚಪ್ಪಟಿ. ಹಿಮ್ಮಡಕ್ಕೂ ಮುಂಗಾಲಿಗೂ ಎತ್ತರದಾಗ ಫರಕ್ ಇಲ್ಲ, ನಡುಪಾದದ ಕಮಾನಿಗೆ ಆಸರಿಲ್ಲ. 1917ರಾಗ ಅದು ತಪ್ಪಲ್ಲ. ಹದಿನೆಂಟು ವರ್ಷದ ಹುಡುಗರು ಕಟ್ಟಿಗಿ ನೆಲದ ಮ್ಯಾಲ ಜಿಗೀಲಿಕ್ಕೆ ಅದೇ ಬೇಕಿತ್ತು. ಈಗಲೂ ಭಾರ ಎತ್ತೋ ಹುಡುಗರು, ನೆಲಕ್ಕ ಕಾಲು ಗಟ್ಟಿ ಕೂಡತದ ಅಂತ ಇದನ್ನ ಹಾಕ್ಕೋತಾರ.

1969ರಾಗ ಆಡಿಡಾಸಿನ ಚರ್ಮದ ಸೂಪರ್‌ಸ್ಟಾರ್ ಬಂತು. ಆಟಗಾರರು ಕ್ಯಾನ್ವಾಸು ಬಿಟ್ಟು ಚರ್ಮಕ್ಕ ಹೊಂಟ್ರು. 1970ರ ದಶಕ ಮುಗಿಯೋದ್ರಾಗ ದೊಡ್ಡ ಆಟಗಾರರ ಕಾಲಿನಿಂದ ಆಲ್ ಸ್ಟಾರ್ ಹೋಗೇಬಿಟ್ಟಿತ್ತು. ಆದ್ರ ಬೂಟು ಸಾಯಲಿಲ್ಲ. ಹಾಡೋರು, ಗಿಟಾರ್ ಬಾರಿಸೋರು, ಕಾಲೇಜು ಹುಡುಗುರು ಹಾಕ್ಕೊಳ್ಳಲಿಕ್ಕೆ ಹತ್ತಿದ್ರು. ಕಂಪನಿ ಮಾತ್ರ ಸೋತು 2001ರಾಗ ದಿವಾಳಿ ಅರ್ಜಿ ಹಾಕಿತು. 2003ರಾಗ ನೈಕಿ ಕಂಪನಿ ಅದನ್ನ ಸುಮಾರು 30 ಕೋಟಿ ಡಾಲರಿಗೆ ತಗೊಂತು. 2021ರಾಗ ಕಮಲಾ ಹ್ಯಾರಿಸ್ ವೋಗ್ ಪತ್ರಿಕಾದ ಮುಖಪುಟದಾಗ ಇದೇ ಬೂಟು ಹಾಕ್ಕೊಂಡು ನಿಂತಾಗ ನಮ್ಮ ವಾಟ್ಸಾಪ್ ಗುಂಪಿನಾಗೂ ಆ ಫೋಟೋ ಬಂದಿತ್ತು. ಆಗ ಯಾರೂ ಬೂಟು ನೋಡಲಿಲ್ಲ, ಎಲ್ಲಾರೂ ಆಕಿ ತಾಯಿ ಮದ್ರಾಸಿನಾಕಿ ಅಂತ ಅಷ್ಟ ಮಾತಾಡಿದ್ವಿ.

ಹೊಸಾ ಅವತಾರ ಅಂತ ಎರಡು ಸಲ ಆತು. 2013ರಾಗ ಚಕ್ 70 ಬಂತು. 1970ರ ದಶಕದ ಬೂಟು ನೋಡಿ ನೋಡಿ ಹಂಗೇ ಮಾಡಿದ್ದದು. ಸಾದಾ ಆಲ್ ಸ್ಟಾರಿಗಿಂತ ಕ್ಯಾನ್ವಾಸು ದಪ್ಪ, ಪಕ್ಕದ ರಬ್ಬರು ಎತ್ತರ, ಅದಕ್ಕ ಕೆನಿ ಬಣ್ಣದ ಹೊಳಪು, ಮುಂದಿನ ಟೊಪ್ಪಿಗಿ ಸಣ್ಣದು, ಹಿಮ್ಮಡದ ಚೀಟಿ ಕರೇದು. ಒಳಗಿನ ಅಟ್ಟಿ ಮಾತ್ರ ಈಗಿನ ಕಾಲದ್ದು, ಮೆತ್ತಗ ಅದ. ತೂಕ ಜಾಸ್ತಿ, ರೊಕ್ಕಾನೂ ಜಾಸ್ತಿ. ಎರಡನೇದು 2015ರ ಚಕ್ 2. ಅದರಾಗ ಓಡೋ ಬೂಟಿಂದು ಮೆತ್ತನ್ನ ಅಟ್ಟಿ ಒಳಗಿಟ್ಟು, ನಾಲಿಗಿಗೆ ಗಾದಿ ಹಾಕಿ, ಕಾಲಿಗೆ ಆರಾಮ ಆಗೋ ಹಂಗ ಮಾಡಿದ್ರು. ಆದ್ರ ಜನಾ ಒಪ್ಪಲಿಲ್ಲ. ಎರಡು ಮೂರು ವರ್ಷದಾಗ ಅದು ಅಂಗಡ್ಯಾಗಿಂದ ಮಾಯ ಆತು.

ಇದನ್ನ ಓದಿ ನಾನು ಭಾಳ ಹೊತ್ತು ಕೂತೆ. ಕಾಲಿಗೆ ಆರಾಮ ಕೊಡಲಿಕ್ಕೆ ಹೋದದ್ದು ನಡೀಲಿಲ್ಲ, ಹಳೇ ಮಾರಿ ಹಂಗೇ ಇಟ್ಟಿದ್ದು ನಡೀತು. ಅಂದ್ರ ಮಂದಿಗೆ ಬೇಕಾಗಿದ್ದು ನೆನಪು. ಅದರಾಗೂ ಒಂದು ಮೋಜು ನೋಡ್ರಿ. ಚಕ್ 70 ನಕಲು ಮಾಡಿದ್ದು ಯಾವ ಕಾಲದ್ದು? ಆಟಗಾರರು ಇದಕ್ಕಿಂತ ಛೊಲೋದು ಸಿಕ್ತಂತ ಇದನ್ನ ಬಿಚ್ಚಿಡಲಿಕ್ಕೆ ಹತ್ತಿದ ಕಾಲದ್ದು! ನನ್ನ ಮಗಳು ಅದಕ್ಕ "ಅವ್ವಾ, ನೀ ಎಲ್ಲಾದ್ರಾಗೂ ಹುಳುಕು ತಗೀತಿ" ಅಂದ್ಲು. ಹುಳುಕಲ್ಲ, ಲೆಕ್ಕ. ಹಳೇದು ನೂರು ವರ್ಷ ನಡದದ ಅಂದ್ರ ಅದು ಛೊಲೋದೇ ಇರಬೇಕು ಅಂತ ನಾವು ತಿಳಕೋತೀವಿ. ಛೊಲೋದು ಖರೆ, ಆದ್ರ ಯಾರಿಗೆ, ಯಾವ ಕೆಲಸಕ್ಕ ಅಂತ ಕೇಳಬೇಕಲ್ಲ. ನಮ್ಮ ಅತ್ತಿಯವರ ಹಿತ್ತಾಳಿ ಪಾತೇಲಿ ಅಗದಿ ಛಂದ, ಕಲಾಯಿ ಇಲ್ಲದ ಅದರಾಗ ಹುಳಿ ಮಾಡಲಿಕ್ಕೆ ಆಗತದೇನು?

ಆದ್ರೂ ಅಂಗಡಿಗೆ ಹೋದ್ವಿ. ಸಂಜೀಗೆ ಹೋದ್ವಿ, ಯಾಕಂದ್ರ ದಿನಾ ಪೂರ್ತಿ ನಿಂತು ಅಡ್ಡಾಡಿದ ಮ್ಯಾಲ ಕಾಲು ಸ್ವಲ್ಪ ಬಾತಿರತಾವ. ಮುಂಜಾನೆ ಸರಿ ಬಂದದ್ದು ಸಂಜೀಗೆ ಬಿಗಿ ಆಗತದ. ಆ ಹುಡುಗ ಭಾಳ ಸಮಾಧಾನದಾಂವ, ನಾಲ್ಕು ಜೋಡಿ ತಂದಿಟ್ಟ. ಈ ಬೂಟು ಸ್ವಲ್ಪ ದೊಡ್ಡದಾಗೇ ಬರತದ, ಅರ್ಧ ನಂಬರ್ ಸಣ್ಣದು ತಗೋರಿ ಅಂದ. ಹಾಕ್ಕೊಂಡೆ. ಸೀರಿ ಸ್ವಲ್ಪ ಮ್ಯಾಲೆತ್ತಿ ಕನ್ನಡಿ ಮುಂದ ನಿಂತೆ. ಏನ್ ಛಂದ ಕಾಣತಿತ್ತಂತೀರಿ! ಮಗಳು ಫೋಟೋ ತಗದ್ಲು. "ಎಲ್ಲೆರೆ ಚುಚ್ಚತದೇನವ್ವಾ?" ಅಂತ ಕೇಳಿದ್ಲು. "ಇಲ್ಲ, ಎಲ್ಲೂ ಇಲ್ಲ, ಅಗದಿ ಆರಾಮ ಅದ" ಅಂದೆ.

ಅಂದ ಮ್ಯಾಲ ನನಗೇ ಎದಿ ಝಲ್ ಅಂತು. ಚುಚ್ಚಿದ್ರ ನನಗ ತಿಳೀತದೇನು? ಡಾಕ್ಟರು ದಾರ ಚುಚ್ಚಿದಾಗ ತಿಳದಿತ್ತೇನು? ಕಾಕೂನೂ ಅವತ್ತು "ಆರಾಮ ಅದ" ಅಂತಲೇ ಹೇಳಿದ್ಲು.

ಮನಿಯಿಂದ ಬರೋವಾಗ ಒಂದು ಕಾಗದ ತಯಾರ ಮಾಡಿಕೊಂಡು ಬಂದಿದ್ದೆ. ಹಾಳಿ ಮ್ಯಾಲ ಪೂರ್ತಿ ಭಾರ ಹಾಕಿ ನಿಂತು, ಅಳಿಯಂದ್ರ ಕಡೆ ಪಾದದ ಸುತ್ತ ಪೆನ್ಸಿಲ್ಲಿಲೆ ಗೆರಿ ಹೊಡಿಸಿ, ಗೆರಿಗುಂಟ ಕತ್ತರಿಸಿದ್ದೆ. ಎರಡೂ ಕಾಲಿಂದು ಬ್ಯಾರೆ ಬ್ಯಾರೆ. ನನ್ನ ಎಡಗಾಲು ಬಲಗಾಲಿಗಿಂತ ದೊಡ್ಡದದ ಅಂತ ಐವತ್ನಾಲ್ಕು ವರ್ಷಕ್ಕ ತಿಳೀತು. ಆ ಕಾಗದದ ಪಾದ ಬೂಟಿನೊಳಗ ಜಾರಿಸಿ ನೋಡಿದೆ. ಉದ್ದಕ್ಕ ಸಾಕಷ್ಟು ಜಾಗಾ ಇತ್ತು, ಮುಂದ ಒಂದು ಹೆಬ್ಬೆರಳಿನಗಲ ಉಳೀತು. ಅಡ್ಡಕ್ಕ ಮಾತ್ರ ಕಾಗದದ ಎರಡೂ ಅಂಚು ಮಡಚಿ ಮ್ಯಾಲಕ್ಕೆದ್ದವು. ಅಂದ್ರ ಅಷ್ಟು ಪಾದ ಒಳಗ ಒತ್ತಿ ಕೂತಿತ್ತು, ನನಗ ತಿಳದಿರಲಿಲ್ಲ. ಎರಡು ಹಡದು, ಮೂವತ್ತು ವರ್ಷ ಶಹಾಬಾದ್ ಫರಶಿ ಮ್ಯಾಲ ಬರಿಗಾಲಿಲೆ ಅಡ್ಡಾಡಿದ ಪಾದ ಮುಂದ ಹರಡಿಬಿಟ್ಟದ. ಬೂಟಿನ ತಪ್ಪೇನಿಲ್ಲ. ಸಪೂರ ಪಾದದ ಮಗಳಿಗೆ ಅದೇ ಬೂಟು ಕೈಚೀಲದಂಗ ಕೂತಿತು.

ಅರ್ಧ ನಂಬರ್ ದೊಡ್ಡದು ನೋಡೋಣಂತ ಮಗಳು ಹಠ ಹಿಡದ್ಲು. ಅದರಾಗ ಅಂಚು ಸ್ವಲ್ಪ ಕಡಿಮಿ ಮಡಚಿತು, ಆದ್ರ ಹಿಮ್ಮಡ ಜಾರಲಿಕ್ಕೆ ಹತ್ತಿತು. ಜಾರಿದ್ರ ತಿಕ್ಕತದ, ತಿಕ್ಕಿದ್ರ ಗುಳ್ಳಿ. ಕೈ ಒಳಗ ಹಾಕಿ ಹೊಲಿಗಿ ಮುಟ್ಟಿ ನೋಡಿದೆ. ಬೆರಳಿನ ಟೊಪ್ಪಿಗಿ ಕೂಡೋ ಜಾಗಾದಾಗ ಗಟ್ಟಿ ಅಂಚು ಕೈಗೆ ಹತ್ತಿತು. ನನಗ ಮುಟ್ಟಿದ್ದು ತಿಳೀದ ಜಾಗಾ ಅಗದಿ ಅಲ್ಲೇ ಬರತದ. ಬಿಚ್ಚಿ ಡಬ್ಬಿಯೊಳಗಿಟ್ಟೆ. ಮನಸಿಗೆ ಕೆಟ್ಟ ಅನಿಸ್ತು, ಸುಳ್ಳ್ಯಾಕ ಹೇಳಲಿ.

ಮುಂದ ಅಗಲ ಇರೋ, ಒಳಗ ಹೊಲಿಗಿ ಕಡಿಮಿ ಇರೋ, ನೋಡಲಿಕ್ಕೆ ಅಗದಿ ಕುರೂಪಿ ಒಂದು ಬೂದಿ ಬಣ್ಣದ ನಡಗಿ ಬೂಟು ತಗೊಂಡ್ವಿ. ಮದಲನೇ ದಿನ ಮನ್ಯಾಗೇ ಅರ್ಧ ತಾಸು, ಬಿಚ್ಚಿ ಕಾಲು ನೋಡೋದು, ಎಲ್ಲೆರೆ ಕೆಂಪು ಆಗೇದೇನು ಅಂತ. ಮರುದಿನ ಒಂದು ತಾಸು. ಕಾಲುಚೀಲ ಬಿಳೇದೇ ಹಾಕ್ಕೋತೇನಿ, ಕಲಿ ಬಿದ್ರ ಕಾಣಬೇಕು. ಹಾಕ್ಕೊಳ್ಳೋ ಮದಲ ಬೂಟು ಬೋರಲು ಮಾಡಿ ಕುಟ್ಟಿ, ಒಳಗ ಕೈ ಆಡಿಸೋದು. ಅಕ್ಕಿ ಆರಿಸಿಧಂಗ ಅದೂ ಒಂದು ರೂಢಿ ಆಗಿಬಿಟ್ಟದ.

ಕಾಕೂಗ ಡಾಕ್ಟರು ಎಂ.ಸಿ.ಆರ್. ಚಪ್ಪಲಿ ಬರಕೊಟ್ಟಾರಲ್ಲ, ಹಿಂದ ಪಟ್ಟಿ ಇರೋದು, ಅದೂ ರಬ್ಬರಿಂದೇ. ಆದ್ರ ಒಳಗ ಸಣ್ಣ ಸಣ್ಣ ಗಾಳಿ ಗುಳ್ಳಿ ಇರೋ ಮೆತ್ತನ್ನ ರಬ್ಬರು. ವೆಲ್ಲೂರಿನಾಗ ಪಾಲ್ ಬ್ರಾಂಡ್ ಅನ್ನೋ ಡಾಕ್ಟರು ಕುಷ್ಠರೋಗದಿಂದ ಪಾದ ಜೋಮು ಹಿಡಿದವರಿಗಾಗಿ ಇಂಥಾ ರಬ್ಬರಿನ ಪಾದರಕ್ಷೆ ಮಾಡಿಸಿದ್ರು. ನೋವು ತಿಳೀದ ಕಾಲಿಗೇ ಹೆಚ್ಚು ಗಾಯ ಆಗತಾವ ಅಂತ ಲೋಕಕ್ಕ ತೋರಿಸಿಕೊಟ್ಟವರೊಳಗ ಅವರೊಬ್ಬರು. ಅದನ್ನ ಓದಿದ ಮ್ಯಾಲ ಕಾಕೂನ ಆ ಕರೇ ಚಪ್ಪಲಿಗೆ ನಾನು ನಗೋದು ಬಿಟ್ಟೇನಿ.

ನಿಮ್ಮೊಳಗ ಯಾರ ಪಾದ ಸಪೂರ ಅದ, ಸಕ್ಕರಿ ಗಿಕ್ಕರಿ ಇಲ್ಲ, ಹಿಮ್ಮಡ ನೋಯಂಗಿಲ್ಲ, ಅವರು ಚಕ್ 70 ತಗೊಂಡು ಧಾರಾಳ ಹಾಕ್ಕೋರಿ. ಪ್ಯಾಟಿಗೆ, ಸಿನೆಮಾಕ್ಕ ಭಾಳ ಛಂದ, ಚೂಡಿದಾರದ ಮ್ಯಾಲ ಇನ್ನೂ ಛಂದ. ದಿನಾ ಮೂರು ನಾಲ್ಕು ಕಿಲೋಮೀಟರ್ ವಾಕಿಂಗಿಗೆ ಬ್ಯಾಡ, ಚಪ್ಪಟಿ ತಳದ ಮ್ಯಾಲ ಹಿಮ್ಮಡ ಬೇನಿ ಇದ್ದವರಿಗೆ ಕಷ್ಟ. ನಂಬರಿನ ಲೇಬಲ್ ನಂಬಬ್ಯಾಡ್ರಿ, ಎರಡು ನಂಬರ್ ಹೇಳಿದ್ನಲ್ಲ, ಹೆಂಗಸರದು ಅಂತ ಬರದಿರೋದನ್ನ ನೋಡ್ರಿ, ಕಾಗದ ಕತ್ತರಿಸಿಕೊಂಡು ಹೋಗ್ರಿ. ಅಂಗಡಿಯವರು ನಕ್ಕರ ನಗಲಿ.

ಮಗಳು ತನಗಂತ ಕೆಂಪು ಬಣ್ಣದ್ದು ಒಂದು ಜೋಡಿ ತಗೊಂಡ್ಲು. ಬಾಣಂತಿಗೆ ಬಗ್ಗಲಿಕ್ಕೆ ಆಗತಿರಲಿಲ್ಲ, ಲಾಡಿ ನಾನೇ ಕಟ್ಟಿದೆ, ಎಂಟು ತೂತು ಒಂದು ಮಗ್ಗಲಿಗೆ. ಶುಕ್ರವಾರ ರಾತ್ರಿ ಅಕ್ಕ ನನಗ ಕಟ್ಟಿ ಕಟ್ಟಿ ಕಲಿಸಿದ ಗಂಟೇ ಹಾಕಿದೆ.

ಕಾಗದದ ಪಾದ ಇನ್ನೂ ನನ್ನ ಪರ್ಸಿನಾಗ ಅವ. ಸೋಮವಾರ ವೈನಿ ಬೂಟು ತಗೊಳ್ಳಲಿಕ್ಕೆ ಹೋಗತೇನಿ ಅಂದಾರ. ಮುಂಜಾನೆ ಹನ್ನೊಂದಕ್ಕ ಅಂತಾರ, ಸಂಜೀಗೆ ಹೋಗೋಣು ಅಂತ ಫೋನ್ ಮಾಡಬೇಕು.